ಆರೇ ವನದ ಒಡಲಲ್ಲಿ ಬಾಳುವವರು

ಗೋರೆಗಾಂವಿನ ಆರೇ ವನದಲ್ಲಿ 2019ರ ಅಕ್ಟೋಬರ್ 4ರ ರಾತ್ರಿ ಗರಗಸಗಳು ಮೊರೆದುದನ್ನು ವಾಚಕರು ಮರೆತಿರಲಾರರು. ಮೆಟ್ರೋ ಬಂಡಿಗಳ ತಂಗುದಾಣಕ್ಕಾಗಿ 2,000ಕ್ಕೂ ಮಿಕ್ಕಿ ಮರಗಳು ಉರುಳಿದ ತರುವಾಯ, 7ರಂದು ಸುಪ್ರೀಂ ಕೋರ್ಟು ತಡೆಯಾಜ್ಞೆಯಿತ್ತಿತು. ತಂಗುದಾಣವಂತೂ ಕೊನೆಗೆ ಅಲ್ಲಿಯೇ ಎದ್ದಿತು. ಮಳೆನೀರನ್ನು ಹೀರಿ ಮೀಠೀ ನದಿಯ ನೆರೆಯನ್ನು ತಗ್ಗಿಸುವ ನೆಲವದು. 2005ರ ಜುಲೈ 26ರ ಪ್ರಳಯವನ್ನು ಕುರ್ಲಾದಲ್ಲಿ ಕಂಡ ನಮ್ಮ ಹೋಟೆಲು ಬಂಧುಗಳಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮರಗಳಿಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಧೈರ್ಯವನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ಆ ವನದ ಪಾಡಾಗಳೆಂಬ ಹಾಡಿಗಳಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳು ತಲೆತಲಾಂತರದಿಂದ ಬಾಳುತ್ತಿರುವರು. ಚಿರತೆಗಳ ನೆರೆಯಲ್ಲಿದ್ದು ವಾಘೋಬನನ್ನು ಪೂಜಿಸುವ ಜನರವರು. ಕರಾವಳಿಯ ನಮ್ಮವರಿಗೆ ಪಿಲಿಚಾಮುಂಡಿಯ ನೆನಪಾದೀತು. ಆರೇ ಕಾಡೇ ಅಲ್ಲವೆಂದು ಸರಕಾರವು ನ್ಯಾಯಾಲಯದಲ್ಲಿ ವಾದಿಸಿತ್ತು. ಕಾಡಲ್ಲವೆಂದಾದರೆ 2006ರ ಅರಣ್ಯ ಹಕ್ಕು ಕಾಯಿದೆಯ ಆಸರೆಯೂ ಇವರಿಗೆ ತಪ್ಪುವುದು. ಮರ ಹೋದರೆ ನಗರಕ್ಕೆ ಸೆಖೆ; ಇವರಿಗೋ ಮನೆಯೇ ಹೋದಂತೆ.

ಆದುದರಿಂದ ಹವಾಮಾನದ ಸಲುವಾಗಿ ಹೋರಾಡುವ ಸಂಘಗಳು ಇವರನ್ನು ಮೆರವಣಿಗೆಯ ಶೋಭೆಗಾಗಿ ಕರೆದರೆ ಸಾಲದು. ಇವರ ನೆಲದ ಹಕ್ಕನ್ನು ಬೇಡಿಕೆಗಳ ಮೊದಲಿಗೆ ಬರೆಯಬೇಕು. ಸಭೆಯೂ ಇಂಗ್ಲಿಷನ್ನು ಬಿಟ್ಟು ಮರಾಠಿಯಲ್ಲಿ, ಕೂಲಿಯಿಂದ ಮರಳುವ ಹೊತ್ತಿಗೆ, ಪಾಡಾದ ಅಂಗಳದಲ್ಲಿಯೇ ಕೂಡಲಿ.