ಓಲೆಗರಿಯ ಪದ್ಯದಲ್ಲಿ ಚುನಾವಣೆಯ ಫಲವಿದೆಯೇ?

ಚುನಾವಣೆಯ ದಿನಾಂಕ ಪ್ರಕಟವಾದೊಡನೆ ಗಾಂಧಿಬಾಗಿನ ಬಟ್ಟೆಪೇಟೆಯಲ್ಲಿ ಯಾರು ಗೆಲ್ಲುವರೆಂಬ ಚರ್ಚೆ ಒಂದು ಅಂಗಡಿಯ ಗಾದಿಯಿಂದ ಇನ್ನೊಂದು ಅಂಗಡಿಯ ಗಾದಿಗೆ ಹರಡತೊಡಗುತ್ತದೆ. ಪಕ್ಷಗಳ ಲೆಕ್ಕ, ಜಾತಿಗಳ ಲೆಕ್ಕ ಮುಗಿದ ಬಳಿಕ ಮಾತು ಗ್ರಹಗತಿಗಳತ್ತ ಹೊರಳುವುದು ವಾಡಿಕೆ. ನಮ್ಮ ಕನ್ನಡ ಕುಟುಂಬಗಳ ಕೂಟಗಳೂ ಇದಕ್ಕೆ ಹೊರತಲ್ಲ. ಅಲ್ಲಿ ಪಂಚಾಂಗದ ಜೊತೆಗೆ ತಮಿಳುನಾಡಿನ ನಾಡಿಜ್ಯೋತಿಷ್ಯದ ಹೆಸರೂ ಕೇಳಿಬರುತ್ತದೆ. ಅಗಸ್ತ್ಯ ಮಹರ್ಷಿಗಳು ಎಂದೋ ಓಲೆಗರಿಯಲ್ಲಿ ಬರೆದಿಟ್ಟ ಪದ್ಯದಲ್ಲಿ ಇಂದಿನ ಮಂತ್ರಿಗಳ ಏಳುಬೀಳುಗಳೆಲ್ಲ ಇವೆ ಎಂಬುದು ಈ ಮಾತಿನ ಸಾರ. ಈ ಪದ್ಯಗಳ ಸ್ವರೂಪವೇನು, ಅವುಗಳಿಂದ ಚುನಾವಣೆಯ ಫಲ ಹೊರಡುವುದು ಹೇಗೆ ಎಂಬುದನ್ನು ಸಮಾಧಾನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಾಡಿ ಓಲೆಗಳ ಪರಿಚಯ

ನಾಡಿಜ್ಯೋತಿಷ್ಯದ ತವರು ಮಯಿಲಾಡುತುರೈ ಸಮೀಪದ ವೈದೀಶ್ವರನ್ ಕೋಯಿಲ್. ಅಲ್ಲಿನ ಶಿವಾಲಯ ಅಂಗಾರಕ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ದೇವಾಲಯದ ಸುತ್ತಲಿನ ಬೀದಿಗಳಲ್ಲಿ ನಾಡಿ ಓದುವ ಮನೆತನಗಳಿವೆ. ಬಂದವರು ಪುರುಷರಾದರೆ ಬಲ ಹೆಬ್ಬೆರಳಿನ, ಸ್ತ್ರೀಯರಾದರೆ ಎಡ ಹೆಬ್ಬೆರಳಿನ ಗುರುತನ್ನು ಪಡೆದು, ಅದಕ್ಕೆ ಹೊಂದುವ ಓಲೆಯ ಕಟ್ಟನ್ನು ತರುತ್ತಾರೆ. ಫಲವನ್ನು ಕಾಂಡಗಳಾಗಿ ವಿಂಗಡಿಸಲಾಗಿದೆ. ಮೊದಲನೆಯದು ಸಾಮಾನ್ಯ ಫಲ, ಏಳನೆಯದು ವಿವಾಹ, ಹತ್ತನೆಯದು ಉದ್ಯೋಗ. ಅನಂತರ ಪರಿಹಾರವನ್ನು ಹೇಳುವ ಶಾಂತಿ ಕಾಂಡ, ದೀಕ್ಷಾ ಕಾಂಡಗಳು ಬರುತ್ತವೆ. ರಾಜಕಾರಣಿಗಳು ವಿಚಾರಿಸುವುದು ಸಹಜವಾಗಿಯೇ ಹತ್ತನೆಯ ಕಾಂಡವನ್ನು.

ತಾಳೆಗರಿ ಚಿರಕಾಲ ಉಳಿಯುವ ವಸ್ತುವಲ್ಲ. ನಮ್ಮ ಹವೆಯಲ್ಲಿ ಕೆಲವು ನೂರು ವರ್ಷಗಳಿಗೆ ಅದು ಶಿಥಿಲವಾಗುತ್ತದೆ. ಆದ್ದರಿಂದ ಇಂದು ಕೈಯಲ್ಲಿ ಹಿಡಿಯುವ ಓಲೆ ಋಷಿಗಳ ಹಸ್ತಾಕ್ಷರವಾಗಿರಲಾರದು. ಹೆಚ್ಚೆಂದರೆ ಅದು ಪ್ರತಿಯ ಪ್ರತಿ. ನಾಡಿ ಓದುವವರೂ ಇದನ್ನು ಅಲ್ಲಗಳೆಯುವುದಿಲ್ಲ. ತಂಜಾವೂರಿನ ಮರಾಠ ಅರಸರ ಕಾಲದಲ್ಲಿ ಪ್ರತಿ ಮಾಡಲಾಯಿತೆಂಬುದು ಅವರ ಪರಂಪರೆಯ ಹೇಳಿಕೆ.

ಓಲೆ ದೊರಕುವ ಕ್ರಮ ಗಮನಾರ್ಹವಾದುದು. ಹೆಬ್ಬೆರಳಿನ ರೇಖೆಗಳಲ್ಲಿ 108 ಬಗೆಗಳೆಂದು ಹೇಳುತ್ತಾರೆ. ಕೋಟ್ಯಂತರ ಜನರನ್ನು 108 ಬಗೆಯಾಗಿ ಹಂಚಿದರೆ ವ್ಯಕ್ತಿ ಸಿಕ್ಕಂತಾಗುವುದಿಲ್ಲ. ಆದ್ದರಿಂದ ಕಟ್ಟಿನಲ್ಲಿರುವ ಓಲೆಗಳನ್ನು ಒಂದೊಂದಾಗಿ ತೆಗೆದು ಪ್ರಶ್ನಿಸುತ್ತಾರೆ. ನಿಮ್ಮ ತಂದೆ ಜೀವಂತರೇ? ಸೋದರರು ಇಬ್ಬರೇ? ತಾಯಿಯ ಹೆಸರು ದೇವಿಯ ಹೆಸರೇ? ಬಂದವರು ಹೌದು ಅಥವಾ ಅಲ್ಲ ಎನ್ನಬೇಕು. 'ಅಲ್ಲ' ಬಂದರೆ ಓಲೆ ಪಕ್ಕಕ್ಕೆ ಸರಿಯುತ್ತದೆ. ಗಣಿತದ ದೃಷ್ಟಿಯಿಂದ, ಸರಿಯಾಗಿ ಆರಿಸಿದ 20 ಹೌದು-ಅಲ್ಲ ಪ್ರಶ್ನೆಗಳು ಹತ್ತು ಲಕ್ಷ ಮಂದಿಯಲ್ಲಿ ಒಬ್ಬನನ್ನು ಬೇರ್ಪಡಿಸಲು ಸಾಕು. ಕೊನೆಗೆ ಸಿಕ್ಕಿದ ಓಲೆಯಲ್ಲಿ ನಮ್ಮ ಪೂರ್ವವೃತ್ತಾಂತವೆಲ್ಲ ಸರಿಯಾಗಿರುವುದನ್ನು ಕಂಡು ಬೆರಗಾಗುತ್ತೇವೆ. ಆದರೆ ಆ ವೃತ್ತಾಂತವನ್ನು ಅಷ್ಟರಲ್ಲಿ ನಾವೇ ಒಪ್ಪಿಸಿರುತ್ತೇವೆ.

ಲಿಪಿಯ ಸಂದಿಗ್ಧತೆ

ಓಲೆಯ ತಮಿಳು ಬರಹದ ಲಕ್ಷಣಗಳನ್ನು ಅರಿತರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂಟದಿಂದ ಬರೆಯುವಾಗ ಚುಕ್ಕಿಯಿಟ್ಟರೆ ಗರಿ ತೂತಾಗುವುದೆಂದು ವ್ಯಂಜನದ ಮೇಲಿನ ಚುಕ್ಕಿಯನ್ನು ಸಾಮಾನ್ಯವಾಗಿ ಬಿಡುತ್ತಿದ್ದರು. ಹ್ರಸ್ವ ದೀರ್ಘ ಎಕಾರಗಳಿಗೂ ಒಕಾರಗಳಿಗೂ ಬರಹದಲ್ಲಿ ಭೇದವಿರಲಿಲ್ಲ. ಆ ಭೇದವನ್ನು ತಂದವರು 18ನೆಯ ಶತಮಾನದ ವೀರಮಾಮುನಿವರ್ ಎಂದು ಹೆಸರಾದ ಪಾದ್ರಿ ಬೆಸ್ಕಿ. ಪದಗಳ ನಡುವೆ ತೆರಪು ಬಿಡುವ ರೂಢಿಯೂ ಇರಲಿಲ್ಲ. ಇದರ ಮೇಲೆ ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಇವುಗಳಿಗೆ ಒಂದೊಂದೇ ಅಕ್ಷರ.

ನಮ್ಮ ಗಾಂಧಿಬಾಗಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಮಿಳಿನಲ್ಲಿ ಬರೆದರೆ ಅದನ್ನು ಗಾಂಧಿಬಾಗ್ ಎಂದೂ ಓದಬಹುದು, 'ಕಾಂತಿಪಾಕ' ಎಂದೂ ಓದಬಹುದು. ಚುಕ್ಕಿಯಿಲ್ಲದ ಓಲೆಯಲ್ಲಾದರೆ ಮೊದಲ ಭಾಗದಲ್ಲಿ 'ನದಿ' ಎಂಬ ಪದವೂ ಕಾಣಿಸುತ್ತದೆ. ಹಾಗಾದರೆ ಪದ್ಯವೊಂದರಲ್ಲಿ ಈ ಅಕ್ಷರಗಳು ಬಂದಾಗ ಅದು ಒಬ್ಬ ನಾಯಕರ ಮನೆತನದ ಹೆಸರೋ, ದೇವರ ಕಾಂತಿಯೋ, ನದಿಯೋ? ಕವಿತೆಯ ಅರ್ಥ ತಿಳಿಯಬಯಸುವ ವಿದ್ವಾಂಸನು ಸಂದರ್ಭವನ್ನು ನೋಡಿ ನಿರ್ಣಯಿಸುತ್ತಾನೆ. ಚುನಾವಣೆಯ ಫಲ ಬೇಕಾದವನು ತನಗೆ ಬೇಕಾದುದನ್ನು ಓದುತ್ತಾನೆ.

ಕಾಲಸೂಚನೆಯಲ್ಲಿಯೂ ಇದೇ ತೊಡಕು. ಇಂಥ ಪದ್ಯಗಳು ವರ್ಷವನ್ನು ಸಂವತ್ಸರದ ಹೆಸರಿನಿಂದ ಸೂಚಿಸುವುದುಂಟು. ಸಂವತ್ಸರ ಚಕ್ರ 60 ವರ್ಷಗಳಿಗೊಮ್ಮೆ ಮರಳುತ್ತದೆ. ಕ್ರೋಧಿ ಸಂವತ್ಸರ 1964ರಲ್ಲಿಯೂ ಬಂದಿತ್ತು, 2024ರಲ್ಲಿಯೂ ಬಂದಿತು.

ನಮ್ಮ ನೆರೆಹೊರೆಯ ಕಾರಣಿಕಗಳು

ಇದು ತಮಿಳರ ವಿಶೇಷವೆಂದು ಯಾರೂ ತಿಳಿಯಬಾರದು. ಕರ್ನಾಟಕದ ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ಗೊರವಪ್ಪನು ಬಿಲ್ಲನ್ನೇರಿ ಒಂದೇ ಒಂದು ವಾಕ್ಯದ ಕಾರಣಿಕ ನುಡಿಯುತ್ತಾನೆ. ನಮ್ಮ ವಿದರ್ಭದಲ್ಲೇ ಬುಲಢಾಣಾ ಜಿಲ್ಲೆಯ ಭೇಂಡವಳದಲ್ಲಿ ಅಕ್ಷಯ ತೃತೀಯೆಯ ಸಂಜೆ ಹೊಲದಲ್ಲಿ ಧಾನ್ಯಗಳನ್ನು ವೃತ್ತಾಕಾರವಾಗಿಟ್ಟು, ನಡುವೆ ಘಟವನ್ನೂ ವೀಳ್ಯದೆಲೆ ಅಡಿಕೆಯನ್ನೂ ಇರಿಸಿ, ಮರುದಿನ ಬೆಳಗ್ಗೆ ಅವು ಸರಿದಿರುವ ಬಗೆಯನ್ನು ನೋಡಿ ಭವಿಷ್ಯ ಹೇಳುತ್ತಾರೆ. ಎರಡೂ ಮೂಲತಃ ರೈತರ ಆಚರಣೆಗಳು. ಮಳೆ ಬೆಳೆಗಳ ಚಿಂತೆ ಅವುಗಳ ಜೀವಾಳ. ಆದರೆ ಮೈಲಾರದ ನುಡಿ ಮುಗಿಯುತ್ತಲೇ ಯಾವ ಮುಖ್ಯಮಂತ್ರಿಯ ಕುರ್ಚಿ ಅಲುಗುವುದೆಂಬ ವ್ಯಾಖ್ಯಾನಗಳು ಹೊರಡುತ್ತವೆ. ಭೇಂಡವಳದ ವೀಳ್ಯವನ್ನು ರಾಜನ ಗಾದಿಯ ಸಂಕೇತವೆಂದು ಓದುತ್ತಾರೆ. ಆಚರಣೆ ಹಳೆಯದು, ಅದಕ್ಕೆ ತೊಡಿಸಿದ ಮತದಾನದ ಅರ್ಥ ಹೊಸದು.

ಫಲ ಬಂದ ಮೇಲಿನ ಭವಿಷ್ಯ

ಅಧಿಕಾರದಿಂದ ಇಳಿದವನು ಮತ್ತೆ ಏರುವನು ಎಂಬ ಅರ್ಥದ ಪದ್ಯವೊಂದಿದೆಯೆಂದು ಭಾವಿಸೋಣ. 2018ರ ಕರ್ನಾಟಕದ ಚುನಾವಣೆಗೆ ಇದನ್ನು ಅನ್ವಯಿಸಿ ನೋಡಿ. ಯಡಿಯೂರಪ್ಪನವರು ಮೇ 17ರಂದು ಪ್ರಮಾಣವಚನ ಸ್ವೀಕರಿಸಿ 19ರಂದು ರಾಜೀನಾಮೆ ಕೊಟ್ಟರು. 23ರಂದು ಕುಮಾರಸ್ವಾಮಿಯವರು ಬಂದರು. 2019ರ ಜುಲೈಯಲ್ಲಿ ಯಡಿಯೂರಪ್ಪನವರೇ ಮರಳಿದರು. 2021ರಲ್ಲಿ ಬೊಮ್ಮಾಯಿಯವರು ಬಂದರು. ಪದ್ಯ ಯಾವುದಾದರೊಂದು ಕಡೆ ಫಲಿಸಲೇಬೇಕು. ಮಹಾರಾಷ್ಟ್ರದಲ್ಲಿ 2024ರ ಲೋಕಸಭಾ ಚುನಾವಣೆಯಲ್ಲಿ 48 ಸ್ಥಾನಗಳ ಪೈಕಿ 30ನ್ನು ಮಹಾವಿಕಾಸ ಆಘಾಡಿ ಗೆದ್ದಿತು. ಅದೇ ವರ್ಷದ ನವೆಂಬರಿನಲ್ಲಿ 288 ಸ್ಥಾನಗಳ ವಿಧಾನಸಭೆಯಲ್ಲಿ ಮಹಾಯುತಿಯ ಮೂರು ಪ್ರಮುಖ ಪಕ್ಷಗಳೇ 230ನ್ನು ಗೆದ್ದವು. ಕೂಡಿದವರು ಗೆಲ್ಲುವರು ಎಂಬ ನುಡಿ ಎರಡೂ ಬಾರಿ ನಿಜವಾಯಿತೆನ್ನಬಹುದು, ಏಕೆಂದರೆ ಎರಡೂ ಕಡೆಯವರು ಕೂಡಿದವರೇ ಆಗಿದ್ದರು.

ಬ್ಯಾಂಕಿನ ಕೆಲಸದಲ್ಲಿ ಕೂದಲು ನರೆಸಿಕೊಂಡ ನನಗೆ ಇಲ್ಲೊಂದು ಹೋಲಿಕೆ ತೋರುತ್ತದೆ. ಚೆಕ್ಕಿನಲ್ಲಿ ದಿನಾಂಕ, ಪಡೆಯುವವರ ಹೆಸರು, ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಮೊತ್ತ ಇರಲೇಬೇಕು. ಹಣ ಪಾವತಿಯಾದ ಮೇಲೆ ಅವನ್ನೆಲ್ಲ ತುಂಬುತ್ತೇನೆಂದರೆ ಯಾವ ಕೌಂಟರಿನಲ್ಲಿಯೂ ನಡೆಯದು. ಭವಿಷ್ಯಕ್ಕೂ ಇದೇ ನಿಯಮ ಸಲ್ಲಬೇಕು. ಕ್ಷೇತ್ರದ ಹೆಸರು, ಗೆಲ್ಲುವವರ ಹೆಸರು, ಮತಗಳ ಅಂತರ, ಇವನ್ನು ಎಣಿಕೆಗೆ ಮೊದಲೇ ಬರೆದುಕೊಡಬೇಕು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಚುನಾವಣೆಗಳ ಕಾಲದಲ್ಲಿ ಇಂಥ ಪ್ರಶ್ನೆಗಳನ್ನು ಜ್ಯೋತಿಷಿಗಳ ಮುಂದಿಟ್ಟು ಬಹುಮಾನ ಘೋಷಿಸಿದ್ದುಂಟು. 2019ರಲ್ಲಿಯೂ ಅದು ಯಾರ ಪಾಲಿಗೂ ಬರಲಿಲ್ಲ. ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರರು 2008ರಲ್ಲಿ ನಡೆಸಿದ ಪರೀಕ್ಷೆ ಜಾತಕಗಳನ್ನು ಕುರಿತದ್ದು. ಪ್ರತಿಭಾವಂತ ಮಕ್ಕಳ 100, ಬುದ್ಧಿಮಾಂದ್ಯ ಮಕ್ಕಳ 100 ಜಾತಕಗಳನ್ನು ಬೆರೆಸಿ, ಅವುಗಳಲ್ಲಿ ನಲವತ್ತು ನಲವತ್ತನ್ನು ಒಬ್ಬೊಬ್ಬ ಜ್ಯೋತಿಷಿಗೆ ಕೊಡಲಾಯಿತು. ಉತ್ತರಿಸಿದ 27 ಮಂದಿಯ ಸರಾಸರಿ ಯಶಸ್ಸು ನೂರಕ್ಕೆ 46. ನಾಣ್ಯ ಚಿಮ್ಮಿದರೆ 50 ಬರುತ್ತದೆ.

ಕಾನೂನು ಮತ್ತು ಕರ್ತವ್ಯ

ಚುನಾವಣಾ ಆಯೋಗವೂ ಈ ವಿಷಯವನ್ನು ಹಗುರವಾಗಿ ಪರಿಗಣಿಸಿಲ್ಲ. ಪ್ರಜಾಪ್ರತಿನಿಧಿ ಕಾಯಿದೆಯ 126ಎ ಕಲಮು ನಿಷೇಧಿತ ಅವಧಿಯಲ್ಲಿ ಮತಗಟ್ಟೆ ಸಮೀಕ್ಷೆಗಳ ಪ್ರಕಟಣೆಯನ್ನು ತಡೆಯುತ್ತದೆ. ಆ ಅವಧಿಯಲ್ಲಿ ಜ್ಯೋತಿಷಿಗಳ ಫಲಿತಾಂಶ ಭವಿಷ್ಯವನ್ನು ಪ್ರಸಾರ ಮಾಡುವುದೂ ಆ ಕಲಮಿನ ಆಶಯಕ್ಕೆ ವಿರುದ್ಧವೆಂದು ಆಯೋಗ 2017ರ ಮಾರ್ಚಿಯಲ್ಲಿ ಮಾಧ್ಯಮಗಳಿಗೆ ಸೂಚಿಸಿತು.

ಮನೆತನದ ನಂಬಿಕೆ, ಕ್ಷೇತ್ರದ ಭಕ್ತಿ ಅವರವರಿಗೆ ಸೇರಿದ್ದು. ವೈದ್ಯನಾಥನ ದರ್ಶನಕ್ಕೆ ಹೋಗುವವರನ್ನು ಯಾರೂ ತಡೆಯಬೇಕಾಗಿಲ್ಲ. ಆದರೆ ಫಲ ಮೊದಲೇ ಬರೆದಿದೆ, ನಮ್ಮ ಒಂದು ಮತದಿಂದ ಆಗುವುದೇನು ಎಂಬ ಮಾತು ಮಕ್ಕಳ ಕಿವಿಗೆ ಬಿದ್ದರೆ ಅದರ ನಷ್ಟ ದೊಡ್ಡದು. 2024ರ ಏಪ್ರಿಲ್ 19ರಂದು ನಾಗಪುರ ಲೋಕಸಭಾ ಕ್ಷೇತ್ರದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 54 ಮಂದಿ. ಬಿಸಿಲು, ರಜೆ, ಪಟ್ಟಿಯಲ್ಲಿ ಹೆಸರಿಲ್ಲದಿರುವುದು, ಕಾರಣಗಳು ಹಲವು ಇರಬಹುದು. ಅವುಗಳ ಜೊತೆಗೆ ವಿಧಿಯನ್ನೂ ಸೇರಿಸುವುದು ಬೇಡ.

2023ರಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರ ನಿರ್ಣಯವಾದದ್ದು 16 ಮತಗಳಿಂದ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ. ಆ ದಿನ ಸರದಿಯಲ್ಲಿ ನಿಂತವರು, ಮನೆಯಲ್ಲೇ ಉಳಿದವರು, ಇಬ್ಬರೂ ಸೇರಿ ಆ ಫಲವನ್ನು ಬರೆದರು. ಮುಂದಿನ ಮತದಾನಕ್ಕೆ ಮೊದಲು ನಮ್ಮ ಕುಟುಂಬಗಳು ತಮ್ಮೆಲ್ಲರ ಹೆಸರುಗಳು ಮತದಾರರ ಪಟ್ಟಿಯಲ್ಲಿವೆಯೇ ಎಂದು ಒಮ್ಮೆ ನೋಡಿಕೊಂಡರೆ ಒಳಿತು. ಹೊಸದಾಗಿ 18 ತುಂಬಿದ ಮಕ್ಕಳಿದ್ದರೆ ಅವರ ಹೆಸರನ್ನೂ ಸೇರಿಸಲು ಮರೆಯಬಾರದು.