ಹಳೇ ಲಾರಿ ಸ್ಟೇರಿಂಗ್‌ನಲ್ಲಿ ಆಟ ಬಂತಾ? ಎಫ್‌ಸಿಗೆ ಮುಂಚೆ ಇಷ್ಟು ನೋಡ್ಕೊಳ್ಳಿ

ಊರಿಗಾಂ: ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಲಾರಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ತಿರುಗುತ್ತಾ? ಹಾಗಿದ್ದರೆ ಕೆಳಗಡೆ ಏನೋ ಸವೆದಿದೆ ಅಂತಲೇ ಲೆಕ್ಕ. ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರುಕಟ್ಟೆಯಂಥ ಜನಜಂಗುಳಿ ಜಾಗದಲ್ಲಿ ಲೋಡ್ ಗಾಡಿ ಅರ್ಧ ಅಡಿ ಆಚೀಚೆ ಹೋದರೂ ಸಾಕು, ಅನಾಹುತ.

ಕಾನೂನು ಏನು ಹೇಳುತ್ತೆ?

ಕೇಂದ್ರ ಮೋಟಾರು ವಾಹನ ನಿಯಮ 98ರ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ ಆಟ 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ 12ರಿಂದ 1ಕ್ಕೆ ಇರೋ ಅಂತರವೇ 30 ಡಿಗ್ರಿ. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟು-ಪಿನ್ನುಗಳು ಲಾಕ್ ಆಗಿರಬೇಕು ಅಂತಲೂ ಅದೇ ನಿಯಮದಲ್ಲಿದೆ. 8 ವರ್ಷ ದಾಟಿದ ಲಾರಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು.

ಸವೆಯೋದು ಎಲ್ಲಿ?

ಟಾಟಾ ಕಂಪನಿ 1954ರಲ್ಲಿ ಬೆಂಜ್ ಜೊತೆ ಸೇರಿ ಲಾರಿ ಮಾಡಲು ಶುರುಮಾಡಿತು. ಆ ಕಾಲದ ಲಾರಿಗಳಲ್ಲಿ ಮುಂದಿನ ಆಕ್ಸಲ್ ಒಂದೇ ದಪ್ಪ ತೊಲೆ. ಕಾರಿನ ಹಾಗೆ ಚಕ್ರದ ಹತ್ತಿರ ಬಾಲ್ ಜಾಯಿಂಟ್ ಇರಲ್ಲ, ಕಿಂಗ್ ಪಿನ್ ಇರುತ್ತೆ. ಬಾಲ್ ಜಾಯಿಂಟ್ ಇರೋದು ಡ್ರ್ಯಾಗ್ ಲಿಂಕ್ ಮತ್ತು ಟೈರಾಡ್ ತುದಿಗಳಲ್ಲಿ. ರಬ್ಬರ್ ಕ್ಯಾಪ್ ಹರಿದರೆ ಗ್ರೀಸ್ ಆಚೆ, ಧೂಳು ಒಳಗೆ. ಗುಂಡು ಸವೆಯೋಕೆ ಅಷ್ಟು ಸಾಕು.

ಪತ್ತೆ ಹಚ್ಚೋದು ಹೇಗೆ?

ಗಾಡಿ ನೆಲದ ಮೇಲೇ ಇರಲಿ. ಒಬ್ಬರು ಸ್ಟೇರಿಂಗ್ ಸ್ವಲ್ಪ ಆಚೀಚೆ ಅಲ್ಲಾಡಿಸಲಿ, ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಕೈ ಇಟ್ಟು ನೋಡಲಿ. ಕಟಕ್ ಅಂತ ಕೈಗೆ ಸಿಕ್ಕಿದ್ದು ಬದಲಾಗಬೇಕು.

ಆಮೇಲೆ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂದೆ ಜಾಕ್ ಎತ್ತಿ, ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಒಬ್ಬರು ಬ್ರೇಕ್ ಒತ್ತಲಿ. ಆಟ ನಿಂತರೆ ತಪ್ಪು ಬೇರಿಂಗ್‌ನದು, ನಿಲ್ಲದಿದ್ದರೆ ಕಿಂಗ್ ಪಿನ್ ಇಲ್ಲವೇ ಬುಷ್‌ನದು.

ಬದಲಿಸುವಾಗ

ಟೈರಾಡ್ ಎಂಡ್‌ನ ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ. ಪೂರ್ತಿ ಬಿಚ್ಚಬೇಡಿ, ಜಾಯಿಂಟ್ ದಿಢೀರ್ ಕಳಚಿ ಬೀಳುತ್ತೆ. ಪಿನ್ ತುದಿಗೆ ಹೊಡೆದರೆ ಮರೆ ಹಾಳು. ತೂತಿನ ಪಕ್ಕಕ್ಕೆ ಒಂದು ಸುತ್ತಿಗೆ ಆನಿಸಿ, ಎದುರು ಪಕ್ಕಕ್ಕೆ ಇನ್ನೊಂದರಲ್ಲಿ ಹೊಡೆದರೆ ಹಿಡಿತ ಬಿಡುತ್ತೆ. ಹಳೇದು ಎಷ್ಟು ಸುತ್ತಿಗೆ ಬಿಚ್ಚಿತೋ ಎಣಿಸಿಟ್ಟುಕೊಂಡು ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಒಂದು ತುದಿ ಎಡ ಮರೆ, ಇನ್ನೊಂದು ಬಲ ಮರೆ ಇರುತ್ತೆ, ಗಮನ ಇರಲಿ.

ನಟ್ ಬಿಗಿ ಮಾಡಿದ ಮೇಲೆ ಪಿನ್ ತೂತು ಸರಿಹೊಂದದಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ. ಸ್ಪ್ಲಿಟ್ ಪಿನ್ ಯಾವಾಗಲೂ ಹೊಸದೇ ಹಾಕಿ. ಹಳೇ ಪಿನ್ನು, ತಂತಿ ಕಟ್ಟೋದು ಬೇಡವೇ ಬೇಡ.

ಕಿಂಗ್ ಪಿನ್ ಮಾತ್ರ ಮನೆ ಮುಂದೆ ಮಾಡೋ ಕೆಲಸ ಅಲ್ಲ. ಹೊಸ ಬುಷ್ ಒತ್ತಿ ಕೂರಿಸಿ, ಪಿನ್ ಅಳತೆಗೆ ರೀಮರ್ ಹೊಡೀಬೇಕು. ಬುಷ್‌ನ ಗ್ರೀಸ್ ತೂತು ನಿಪ್ಪಲ್ ದಾರಿಗೆ ನೇರ ಇರಬೇಕು. ತಪ್ಪಿದರೆ ಎಷ್ಟು ಗ್ರೀಸ್ ಹೊಡೆದರೂ ಒಳಗೆ ಹೋಗಲ್ಲ.

ಇದನ್ನು ಮಾಡಬೇಡಿ

ಲಿಂಕ್‌ನಲ್ಲಿರೋ ಆಟ ಮುಚ್ಚೋಕೆ ಸ್ಟೇರಿಂಗ್ ಬಾಕ್ಸ್ ಬಿಗಿ ಮಾಡಿಸೋದು ತಪ್ಪು. ಸ್ಟೇರಿಂಗ್ ಬಿಗಿಯಾಗುತ್ತೆ, ರೋಗ ಹಾಗೇ ಉಳಿಯುತ್ತೆ. ಸ್ಟೇರಿಂಗ್ ಆರ್ಮ್, ಟೈರಾಡ್‌ಗೆ ವೆಲ್ಡಿಂಗ್ ಹೊಡೆಸೋದು, ಬೆಂಕಿಗೆ ಕಾಯಿಸಿ ನೇರ ಮಾಡಿಸೋದು ಇನ್ನೂ ಅಪಾಯ. ಅದು ಮುರಿಯೋದು ರಸ್ತೆ ಮೇಲೆ.

ಕೆಲಸ ಮುಗಿದ ಮೇಲೆ ಟೋ-ಇನ್ ಅಳತೆ ಮಾಡಿಸಿ. ಇಲ್ಲದಿದ್ದರೆ ಹೊಸ ಟೈರೂ ಅಂಚಲ್ಲಿ ಗರಗಸದ ಹಾಗೆ ಸವೆಯುತ್ತೆ. ಮೊದಲ ಓಟ ಖಾಲಿ ಗಾಡಿಯಲ್ಲೇ ಇರಲಿ. ವಾಪಸ್ ಬಂದು ನಟ್ಟು, ಪಿನ್ನು ಇನ್ನೊಮ್ಮೆ ನೋಡಿದ ಮೇಲೇ ಲೋಡ್ ಹಾಕಿ.