ಟಿಪ್ಪುವಿನ ಫೋಟೊ ತೆಗೆದವರು ಯಾರು?

ನವೆಂಬರ್ ಬಂತೆಂದರೆ ರಾಜಾಜಿನಗರದ ಬ್ಲಾಕ್ ಬ್ಲಾಕಿಗೂ ರಾಜ್ಯೋತ್ಸವದ ಪೆಂಡಾಲ್ ಏಳುತ್ತದೆ. ಹಳದಿ-ಕೆಂಪು ಬಾವುಟ, ಭುವನೇಶ್ವರಿಯ ಪಟ, ರಾಜ್‌ಕುಮಾರ್ ಹಾಡು, ಸಂಜೆಗೆ ಆರ್ಕೆಸ್ಟ್ರಾ. ಕಳೆದ ಸಲ ನಮ್ಮ ರಸ್ತೆಯ ಹುಡುಗರು ನಾಡಿನ ವೀರರ ಬ್ಯಾನರ್‌ಗಳನ್ನೂ ಸಾಲಾಗಿ ಕಟ್ಟಿದ್ದರು. ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಸುರಪುರದ ವೆಂಕಟಪ್ಪ ನಾಯಕ, ಟಿಪ್ಪು. ಮೊದಲ ಮೂವರದು ಬಣ್ಣದ ಚಿತ್ರ. ಟಿಪ್ಪುವಿನದು ಮಾತ್ರ ಕಪ್ಪು-ಬಿಳುಪು ಫೋಟೊ: ಗಡ್ಡ ಬಿಟ್ಟ, ತಲೆಗೆ ಬಟ್ಟೆ ಸುತ್ತಿದ ಒಬ್ಬ ಮನುಷ್ಯ ನೇರ ನಮ್ಮನ್ನೇ ನೋಡುತ್ತಿದ್ದ.

‘ಇದು ಎಲ್ಲಿ ಸಿಕ್ತಪ್ಪಾ?’ ಎಂದೆ.

‘ಒರಿಜಿನಲ್ ಫೋಟೊ ಅಂಕಲ್. ಲಂಡನ್ ಮ್ಯೂಸಿಯಂದು. ವಾಟ್ಸಾಪಲ್ಲಿ ಬಂದಿತ್ತು,’ ಎಂದ ಪಿಯುಸಿ ಓದುವ ಪಕ್ಕದ ಮನೆಯ ಹುಡುಗ.

‘ಟಿಪ್ಪು ತೀರಿಕೊಂಡದ್ದು ಯಾವ ಇಸವಿ?’

‘1799.’

‘ಕ್ಯಾಮೆರಾ ಬಂದದ್ದು?’

ಅವನು ಜೇಬಿನಿಂದ ಫೋನ್ ತೆಗೆದ.

ಫ್ರಾನ್ಸಿನ ನಿಯೆಪ್ಸ್ ತನ್ನ ಕಿಟಕಿಯಾಚೆಯ ಸೂರುಗಳನ್ನು ಲೋಹದ ತಗಡಿನ ಮೇಲೆ ಮೂಡಿಸಿದ್ದು 1826-27ರ ಸುಮಾರಿಗೆ. ಆ ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಯಿತು. ಮನುಷ್ಯರ ಮುಖ ತೆಗೆಯಬಲ್ಲ ಡಾಗೆರ್‌ನ ವಿಧಾನ ಜಗತ್ತಿಗೆ ತಿಳಿದದ್ದು 1839ರಲ್ಲಿ. ಟಿಪ್ಪು ಶ್ರೀರಂಗಪಟ್ಟಣದ ಕೋಟೆಯೊಳಗೆ ಮಡಿದದ್ದು 1799ರ ಮೇ 4ರಂದು. ನಡುವೆ 40 ವರ್ಷ. ಬ್ಯಾನರಿನಲ್ಲಿದ್ದವನು ಪೂರ್ವ ಆಫ್ರಿಕದ ಜಾಂಜಿಬಾರಿನ ‘ಟಿಪ್ಪು ಟಿಪ್’ ಎಂಬ ವ್ಯಾಪಾರಿ. ಆನೆದಂತವನ್ನೂ ಗುಲಾಮರನ್ನೂ ಮಾರಿ ದೊಡ್ಡವನಾದವನು, 1905ರಲ್ಲಿ ತೀರಿಕೊಂಡವನು. ಹೆಸರಿನ ಎರಡು ಅಕ್ಷರ ಹೊಂದಿದ್ದಕ್ಕೆ ಅವನು ಮೈಸೂರಿನ ಸುಲ್ತಾನನಾಗಿ ನಮ್ಮ ಬೀದಿಗೆ ಬಂದಿದ್ದ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಇದೇ ಫೋಟೊ ಹಂಚುವುದನ್ನು ನಾನು ನೋಡಿದ್ದೇನೆ. ಎರಡು ಕಡೆಯವರೂ ಆಧಾರ ಎಂದು ಹಿಡಿದಿರುವುದು ಬೇರೊಬ್ಬನ ಮುಖವನ್ನು ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಚೆನ್ನಮ್ಮ, ರಾಯಣ್ಣರ ಮಾತೂ ಬಂತು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದ ಕಿತ್ತೂರಿನ ರಾಣಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದ್ದು 1829ರಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಇಬ್ಬರಿಗೂ ಫೋಟೊ ಇರಲು ಸಾಧ್ಯವೇ ಇಲ್ಲ. ನಮಗೆ ಗೊತ್ತಿರುವ ಅವರ ಮುಖಗಳು ಕ್ಯಾಲೆಂಡರ್ ಕಲಾವಿದರು, ಶಿಲ್ಪಿಗಳು, ಸಿನಿಮಾದವರು ಕೊಟ್ಟದ್ದು. ನನ್ನ ತಲೆಮಾರಿಗೆ ಚೆನ್ನಮ್ಮ ಎಂದರೆ 1961ರ ಚಿತ್ರದ ಬಿ. ಸರೋಜಾದೇವಿ. ಭಕ್ತಿಯಿಂದ ಬರೆದ ಚಿತ್ರವನ್ನು ಭಕ್ತಿಯ ಚಿತ್ರ ಎಂದೇ ಇಟ್ಟುಕೊಳ್ಳೋಣ, ಅದರಲ್ಲಿ ಕುಂದೇನಿಲ್ಲ. ಕೆಳಗೆ ‘ಅಸಲಿ’ ಎಂದು ಬರೆದಾಗಲೇ ತೊಂದರೆ.

ತಪ್ಪು ಕಲ್ಪನೆ: ಫೋಟೊ ಇಲ್ಲದಿದ್ದರೇನು, ಯುದ್ಧವನ್ನು ಕಣ್ಣಾರೆ ಕಂಡವರು ಬರೆದ ಚಿತ್ರಗಳಿವೆಯಲ್ಲ.

ಶ್ರೀರಂಗಪಟ್ಟಣದ ಪತನ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರಗಳಲ್ಲಿ ಬಹುಪಾಲು ಈ ನೆಲಕ್ಕೆ ಕಾಲಿಡದವರು ಬರೆದವು. ಕೋಟೆಯ ಒಡಕಿನಲ್ಲಿ ಕೆಂಪು ಕೋಟಿನವರು ಏರಿಬರುವ ಆ ಭಾರಿ ಚಿತ್ರವನ್ನು ಬರೆದ ರಾಬರ್ಟ್ ಕೆರ್ ಪೋರ್ಟರ್‌ಗೆ ಆಗ ಇನ್ನೂ ಇಪ್ಪತ್ತರ ಹರೆಯ. ಶ್ರೀರಂಗಪಟ್ಟಣವನ್ನು ನೋಡಿದವನಲ್ಲ. ನೂರು ಅಡಿಗೂ ಉದ್ದದ ಪರದೆಯನ್ನು ಕೆಲವೇ ವಾರಗಳಲ್ಲಿ ತುಂಬಿಸಿ, 1800ರಲ್ಲಿ ಲಂಡನ್ನಿನ ಲೈಸಿಯಂನಲ್ಲಿ ಕಾಸು ಕೊಟ್ಟು ನೋಡುವ ಪ್ರದರ್ಶನಕ್ಕೆ ಇಟ್ಟ. ಮೂಲ ಪರದೆ ಮುಂದೆ ಬೆಂಕಿಗೆ ಆಹುತಿಯಾಯಿತು. ನಾವು ಪುಸ್ತಕಗಳಲ್ಲಿ ನೋಡುವುದು ಅದನ್ನು ಆಧರಿಸಿ ವೆಂಡ್ರಾಮಿನಿ ತಾಮ್ರದ ತಗಡಿನಲ್ಲಿ ಕೆತ್ತಿದ ಅಚ್ಚು. ಟಿಪ್ಪುವಿನ ಕೊನೆಯ ಹೋರಾಟ ಬರೆದ ಹೆನ್ರಿ ಸಿಂಗಲ್ಟನ್ ಭಾರತಕ್ಕೆ ಬಂದವನಲ್ಲ. ದೀವಟಿಗೆಯ ಬೆಳಕಿನಲ್ಲಿ ಜನರಲ್ ಬೇರ್ಡ್ ಟಿಪ್ಪುವಿನ ಶವ ಕಾಣುವ ಚಿತ್ರ ಬರೆದ ಡೇವಿಡ್ ವಿಲ್ಕಿಯೂ ಬಂದವನಲ್ಲ. ಅವನು ಅದನ್ನು ಮುಗಿಸಿದ್ದು 1839ರಲ್ಲಿ, ಘಟನೆ ನಡೆದು 40 ವರ್ಷವಾದ ಮೇಲೆ, ಬೇರ್ಡನ ವಿಧವೆಯ ಕೋರಿಕೆಯಂತೆ. ಬೇರ್ಡನ ಕಾಲಡಿ ಒಂದು ಸೆರೆಮನೆಯ ಸರಳಿನ ಕಿಂಡಿ ಇದೆ. ಹಿಂದೆ ಬೇರ್ಡ್ ಮೈಸೂರಿನವರ ಕೈಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಕೊಳೆತಿದ್ದ. ಆ ಕಥೆಯನ್ನು ನೋಡುವವರಿಗೆ ನೆನಪಿಸಲು ವಿಲ್ಕಿ ಕಿಂಡಿಯನ್ನು ಅಲ್ಲಿ ತಂದು ಇಟ್ಟಿದ್ದಾನೆ. ಚಿತ್ರಕಲೆಯಾಗಿ ಅದು ಅದ್ಭುತ. ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವವನು ರಾಬರ್ಟ್ ಹೋಮ್. ಇವನು ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ತಿರುಗಿದ ಚಿತ್ರಕಾರ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ 1792ರ ಫೆಬ್ರುವರಿಯ ದೃಶ್ಯದಲ್ಲಿ, ಕಂಕುಳಲ್ಲಿ ಚಿತ್ರದ ಹಾಳೆಗಳ ಚೀಲ ಹಿಡಿದ ತನ್ನನ್ನೂ ಒಂದು ಅಂಚಿನಲ್ಲಿ ಬರೆದುಕೊಂಡಿದ್ದಾನೆ. ನಾನಿದ್ದೆ ಎಂಬ ರುಜು ಅದು. ಅದೇ ಹೋಮ್ 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಬಾಗಿಲಲ್ಲಿ ಕರ್ನಲ್ ಮೂರ್‌ಹೌಸ್ ಸತ್ತದ್ದನ್ನೂ ಬರೆದ. ಅಲ್ಲಿ ಮೂರ್‌ಹೌಸ್ ಸಂಗಡಿಗರ ತೋಳಿನಲ್ಲಿ ಮೆಲ್ಲಗೆ ಒರಗಿದ್ದಾನೆ. ಯುರೋಪಿನ ವೀರಮರಣದ ಚಿತ್ರಗಳಲ್ಲಿ ಎಲ್ಲರೂ ಹೀಗೇ ಸಾಯುತ್ತಾರೆ. ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ ಜನರಲ್ ವುಲ್ಫನ ಸಾವು ಆ ಭಂಗಿಗೆ ಮಾದರಿಯಾಗಿತ್ತು. ಯುದ್ಧ ಮುಗಿದ ಮೇಲೆ, ಕೊಳ್ಳುವವರು ಯಾರೆಂದು ತಿಳಿದು ಬರೆದ ಚಿತ್ರ ಮೂರ್‌ಹೌಸನದು. ಆದರೆ ಹೋಮ್ 1794ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೈಸೂರು ಸೀಮೆಯ ನೋಟಗಳ ಪುಸ್ತಕ ಬೇರೆಯೇ ತೂಕದ್ದು. ಕೋಟೆ, ಗುಡ್ಡ, ದುರ್ಗ. ಅಲ್ಲಿ ಯಾರನ್ನೂ ವೀರನನ್ನಾಗಿ ಮಾಡುವ ಅವಸರ ಅವನಿಗಿಲ್ಲ, ಕಂಡದ್ದನ್ನು ಅಳೆದು ಬರೆದಿದ್ದಾನೆ. ಒಂದೇ ಕೈಯ ಎರಡು ಚಿತ್ರಗಳಲ್ಲಿ ಮುಖಗಳನ್ನು ನಂಬಲಾಗುವುದಿಲ್ಲ, ಗೋಡೆಗಳನ್ನು ನಂಬಬಹುದು.

ಇನ್ನೊಂದು ಮಾತು. ಇವೆಲ್ಲ ಹೊರಗಿನವರಿಗೂ ನಮ್ಮವರಿಗೂ ನಡೆದ ಯುದ್ಧಗಳೆಂದು ಆ ಚಿತ್ರಗಳು ತೋರಿಸುತ್ತವೆ. ಆದರೆ ಕಂಪನಿಯ ಪಡೆಯಲ್ಲಿ ಬಹುಮಂದಿ ಈ ದೇಶದ ಸಿಪಾಯಿಗಳು. 1791-92ರಲ್ಲಿ ಮರಾಠರೂ ನಿಜಾಮನೂ ಅವರ ಜೊತೆಗಿದ್ದರು. ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಈ ಮಣ್ಣಿನವರೇ. ನಡುಮಧ್ಯೆ ಕೆಂಪು ಮುಖದ ಅಧಿಕಾರಿ, ಅಂಚಿಗೆ ಸಿಪಾಯಿ ಎಂಬ ಜೋಡಣೆ ಅದನ್ನು ಮರೆಸಿಬಿಡುತ್ತದೆ.

ತಪ್ಪು ಕಲ್ಪನೆ: ಇಂಗ್ಲಿಷರ ಚಿತ್ರ ಸುಳ್ಳು, ನಮ್ಮವರದು ನಿಜ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ನ ಪಶ್ಚಿಮ ಗೋಡೆಗೆ ಹೋಗಿ ನಿಲ್ಲಿ. 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕಾಳಗ ಅಲ್ಲಿ ಗೋಡೆ ತುಂಬ ಹರಡಿದೆ. ಹೈದರ್, ಟಿಪ್ಪು ಇಬ್ಬರೂ ಗೆದ್ದ ನೆಮ್ಮದಿಯಲ್ಲಿದ್ದಾರೆ. ಇಂಗ್ಲಿಷರ ಚೌಕದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಗ್ಗಿ ಕುಳಿತಿದ್ದಾನೆ. ನಮ್ಮ ಕಡೆಯಿಂದ ಬರೆಸಿದ ಇಷ್ಟು ದೊಡ್ಡ ಯುದ್ಧಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ, ಅದರ ಮುಂದೆ ನಿಂತಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ. ಆದರೂ ಹೇಳಲೇಬೇಕು: ಅದು ಗೆದ್ದವರ ಅರಮನೆಯ ಚಿತ್ರ, ಸೋತವರಿಗೆ ಅಲ್ಲಿ ಮರ್ಯಾದೆಯಿಲ್ಲ. ಮತ್ತೆ ಇಂದು ನಾವು ನೋಡುವುದು 1784ರ ಬಣ್ಣವನ್ನೂ ಅಲ್ಲ. ಒಮ್ಮೆ ಸುಣ್ಣ ಬಳಿದು ಮುಚ್ಚಿದ್ದನ್ನು 1799ರ ನಂತರ ಅಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ ಸರಿಪಡಿಸಿದ. ಮತ್ತೆ ಹಾಳಾದಾಗ ಡಾಲ್‌ಹೌಸಿಯ ಅಪ್ಪಣೆಯಂತೆ 1850ರ ದಶಕದಲ್ಲಿ, ಹಳೆಯ ಚಿತ್ರವನ್ನು ನೆನಪಿಟ್ಟಿದ್ದ ಇಲ್ಲಿಯ ಕಲಾವಿದನೊಬ್ಬ ತಿರುಗಿ ಬರೆದ. ಸೋತ ಕಾಳಗದ ಚಿತ್ರವನ್ನು ಸೋತವರೇ ಎರಡು ಸಲ ಉಳಿಸಿದರು. ನಡುವೆ ಒಬ್ಬ ಮನುಷ್ಯನ ನೆನಪು ಸೇತುವೆಯಾಯಿತು. ಆ ಕಲಾವಿದನ ಹೆಸರು ಗೋಡೆಯ ಮೇಲಿಲ್ಲ.

ತಪ್ಪು ಕಲ್ಪನೆ: 1857ರ ಹೊತ್ತಿಗೆ ಕ್ಯಾಮೆರಾ ಬಂದಿತ್ತು, ಹಾಗಾಗಿ ನಮ್ಮ ದಂಗೆಗಳ ಫೋಟೊ ಎಲ್ಲೋ ಇರಬೇಕು.

ಕ್ಯಾಮೆರಾ ಬಂದಿತ್ತು, ಅದೂ ಪಕ್ಕದಲ್ಲೇ. 1855ರಲ್ಲಿ ಮುಂಬಯಿ ಸರ್ಕಾರದ ಪರವಾಗಿ ಥಾಮಸ್ ಬಿಗ್ಸ್ ಬಿಜಾಪುರ, ಬಾದಾಮಿ, ಐಹೊಳೆಗಳ ಫೋಟೊ ತೆಗೆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ದೊಡ್ಡ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಮರುವರ್ಷವೇ ನವೆಂಬರಿನಲ್ಲಿ, ಬಾದಾಮಿಗೆ ದೂರವಲ್ಲದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸೆವೆಂದು ನಿಂತರು. ಊರು ಸುಟ್ಟಿತು, ಹಿಡಿದವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೆ ಹಾಕಿದರು. 1858ರಲ್ಲಿ ವೆಂಕಟಪ್ಪ ನಾಯಕನ ಸುರಪುರ ಬಿತ್ತು, ನರಗುಂದ ಬಿತ್ತು, ಅಲ್ಲಿಯ ಅರಸ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ನೇಣಿಗೇರಿಸಿದರು. ಕ್ಯಾಮೆರಾ ಗುಡಿಗಳತ್ತ ತಿರುಗಿತ್ತು, ಈ ಜನರತ್ತ ತಿರುಗಲಿಲ್ಲ. ಅವರನ್ನು ಉಳಿಸಿದ್ದು ಲಾವಣಿ. ಹಲಗಲಿಯ ಜಡಗ, ಬಾಲ ಮುಂತಾದವರನ್ನು ಹಾಡಿನಲ್ಲಿ ಜನ ಹಿಡಿದಿಟ್ಟುಕೊಂಡರು. 1880ರ ದಶಕದಲ್ಲಿ ಶಾಸನತಜ್ಞ ಫ್ಲೀಟ್ ಅದನ್ನು ಅಚ್ಚಿಗೆ ಕೊಟ್ಟ. ಹಲಗಲಿಯ ಚಿತ್ರಸಂಪುಟ ಎಂದರೆ ಆ ಹಾಡೇ.

ಉತ್ತರದಲ್ಲಿ ಹಾಗಾಗಲಿಲ್ಲ. ಲಖನೌದ ಸಿಕಂದರ್ ಬಾಗ್‌ನ ಅಂಗಳದಲ್ಲಿ ಎಲುಬುಗಳು ಚೆಲ್ಲಾಡಿರುವ ಫೆಲಿಚೆ ಬಿಯಾಟೊನ ಫೋಟೊವನ್ನು ಹಲವರು ನೋಡಿರುತ್ತಾರೆ. ಕಾಳಗ ಮುಗಿದ ಮರುದಿನದ ಫೋಟೊ ಎಂದೇ ತಿಳಿಯುತ್ತಾರೆ. ಕಾಳಗ ನಡೆದದ್ದು 1857ರ ನವೆಂಬರಿನಲ್ಲಿ; ಬಿಯಾಟೊ ಲಖನೌಗೆ ಬಂದದ್ದು ಮರುವರ್ಷದ ವಸಂತದಲ್ಲಿ. ಮುಚ್ಚಿದ್ದ ಹೆಣಗಳನ್ನು ಫೋಟೊಗಾಗಿ ಅವನು ತೆರೆಸಿದನೆಂದು ಆ ಕಾಲದ ಅಧಿಕಾರಿಯೇ ಬರೆದಿಟ್ಟಿದ್ದಾನೆ. ಎಲುಬು ಸುಳ್ಳಲ್ಲ, ಸತ್ತವರು ಸುಳ್ಳಲ್ಲ. ಹರಡಿದ ರೀತಿ ಮಾತ್ರ ಫೋಟೊಗ್ರಾಫರನದು.

ಫೋಟೊ ಎಂದ ಮೇಲೆ ಕೈವಾಡ ಇರುವುದಿಲ್ಲ ಎನ್ನುವವರಿಗೆ ನಾನು ಅಮೆರಿಕದ ಅಂತರ್ಯುದ್ಧದ ಒಂದು ಬಂಡೆಯ ಕಥೆ ಹೇಳುತ್ತೇನೆ. ಆಗಿನ ಗಾಜಿನ ಫಲಕಕ್ಕೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೊ ತೆಗೆದು, ತೊಳೆದು ಮುಗಿಸಬೇಕಿತ್ತು. ಕತ್ತಲಕೋಣೆಯೇ ಕುದುರೆಗಾಡಿಯಲ್ಲಿ ಜೊತೆಗೆ ಬರುತ್ತಿತ್ತು. ಓಡುವ ಸೈನಿಕ ಅದರಲ್ಲಿ ಮೂಡುವುದಿಲ್ಲ, ಮಂಜಾಗುತ್ತಾನೆ. ಹಾಗಾಗಿ ಕಾಳಗದ ಫೋಟೊಗಳಲ್ಲಿ ಕಾಳಗವಿಲ್ಲ. ಡೇರೆಗಳಿವೆ, ಅಧಿಕಾರಿಗಳಿದ್ದಾರೆ, ಸತ್ತವರಿದ್ದಾರೆ. 1863ರ ಜುಲೈಯಲ್ಲಿ ಗೆಟಿಸ್‌ಬರ್ಗ್ ಕಾಳಗದ ಬಳಿಕ ಅಲೆಕ್ಸಾಂಡರ್ ಗಾರ್ಡ್ನರ್‌ನ ತಂಡ ತೆಗೆದ ಒಂದು ಫೋಟೊದಲ್ಲಿ ಎರಡು ಬಂಡೆಗಳ ನಡುವೆ ಕಲ್ಲು ಪೇರಿಸಿದ ಮರೆಯಲ್ಲಿ ದಕ್ಷಿಣದ ಪಡೆಯ ಹುಡುಗನೊಬ್ಬ ಸತ್ತು ಬಿದ್ದಿದ್ದಾನೆ, ಕೋವಿ ಕಲ್ಲಿಗೆ ಒರಗಿದೆ. ನೂರು ವರ್ಷ ಜನ ಅದನ್ನು ನೋಡಿ ಮರುಗಿದರು. 1970ರ ದಶಕದಲ್ಲಿ ವಿಲಿಯಂ ಫ್ರಾಸನಿಟೊ ಆ ಬಯಲಲ್ಲಿ ಹಳೆಯ ಫೋಟೊ ಕೈಯಲ್ಲಿ ಹಿಡಿದು ಒಂದೊಂದೇ ಬಂಡೆಯನ್ನು ಗುರುತು ಹಚ್ಚಿದ. ಅದೇ ಹೆಣ ಹತ್ತಾರು ಗಜ ಆಚೆಯ ಇಳಿಜಾರಿನ ಬೇರೆ ಫೋಟೊಗಳಲ್ಲೂ ಇತ್ತು. ಹೆಣವನ್ನು ಹೊತ್ತು ತಂದು ಮಲಗಿಸಿ, ಕೋವಿ ಇಟ್ಟು, ಚಿತ್ರ ಮಾಡಿದ್ದರು. ನೂರು ವರ್ಷದ ಗುಟ್ಟು ಹೊರಬಿದ್ದದ್ದು ಬಂಡೆಗಳಿಂದ.

ಅಂದಿನ ಪತ್ರಿಕೆಗಳಲ್ಲಿ ಈ ಫೋಟೊಗಳು ಅಚ್ಚಾಗುತ್ತಿದ್ದವು ಎಂಬುದೂ ತಪ್ಪು. ಫೋಟೊವನ್ನು ಚುಕ್ಕಿಗಳಾಗಿ ಒಡೆದು ಅಕ್ಷರದ ಜೊತೆ ಅಚ್ಚು ಮಾಡುವುದು ಪತ್ರಿಕೆಗಳಿಗೆ ಒಲಿದದ್ದು 1880ರಿಂದ ಈಚೆಗೆ. ಅಲ್ಲಿಯವರೆಗೆ ಮರದ ಅಚ್ಚೇ ಗತಿ. ಗಟ್ಟಿ ಮರದ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಚಿತ್ರ ಬರೆದು, ಬಿಡಿಸಿ, ಒಬ್ಬೊಬ್ಬ ಕೆತ್ತುಗನಿಗೆ ಒಂದೊಂದು ತುಂಡು ಕೊಡುತ್ತಿದ್ದರು. ಒಬ್ಬ ಆಕಾಶ ಕೆತ್ತಿದರೆ ಮತ್ತೊಬ್ಬ ಕುದುರೆ ಕೆತ್ತುತ್ತಿದ್ದ. ಫೋಟೊದಲ್ಲಿ ಇಲ್ಲದ ಹೊಗೆ, ಓಟ, ಕತ್ತಿವರಸೆ ಅಲ್ಲಿ ಬಂದು ಸೇರುತ್ತಿತ್ತು.

ಇಷ್ಟನ್ನೆಲ್ಲ ಪೆಂಡಾಲಿನ ಪಕ್ಕದ ಕುರ್ಚಿಯಲ್ಲಿ ಕೂತು ಹುಡುಗನಿಗೆ ಹೇಳಿದಾಗ ಅವನ ಮುಖ ಬಾಡಿತು. ‘ಹಂಗಾದ್ರೆ ಯಾವುದನ್ನೂ ನಂಬೋ ಹಂಗಿಲ್ವಾ ಅಂಕಲ್?’ ಎಂದ. ಆ ಪ್ರಶ್ನೆಗೆ ಕೂತಲ್ಲೇ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಹೋಮ್ ಬರೆದ ಬೆಂಗಳೂರು ಕೋಟೆಯ ನೋಟವೊಂದರ ಪ್ರಿಂಟ್ ತೆಗೆದುಕೊಂಡು ಇಬ್ಬರೂ ರಾಜಾಜಿನಗರ ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್ ದಾಟಿ, ಮೂರ್‌ಹೌಸ್ ಸತ್ತ ಪೇಟೆಯ ಅಡಿಯಲ್ಲೇ ಹಾದು, ಕೆ.ಆರ್. ಮಾರ್ಕೆಟಿನಲ್ಲಿ ಇಳಿದೆವು.

ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರ್ ಕಲ್ಲಿನಲ್ಲಿ ಕಟ್ಟಿಸಿದ ಮೇಲೆ ಉಳಿದದ್ದು ಈಗ ದೆಹಲಿ ಬಾಗಿಲು, ಒಂದಿಷ್ಟು ಗೋಡೆ, ಒಳಗೊಂದು ಗಣಪತಿ ಗುಡಿ. 1791ರ ಮಾರ್ಚ್ 21ರಂದು ಇಲ್ಲಿ ಒಡೆದು ನುಗ್ಗಿದರೆಂದು ಗೆದ್ದವರು ನೆಟ್ಟ ಕಲ್ಲುಫಲಕವಿದೆ. ಅಂದು ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ ಬಹದ್ದೂರ್ ಖಾನನ ಹೆಸರು ಅದರಲ್ಲಿಲ್ಲ. ಹುಡುಗ ಪ್ರಿಂಟನ್ನು ಎತ್ತಿ ಹಿಡಿದು ಗೋಡೆಗೂ ಕಾಗದಕ್ಕೂ ಕಣ್ಣು ಓಡಿಸುತ್ತಾ ಹಿಂದೆ ಮುಂದೆ ಸರಿದ. ಚಿತ್ರದ ಯಾವ ಸಾಲು ಇಲ್ಲಿಯ ಯಾವ ಕಲ್ಲಿಗೆ ಕೂಡುತ್ತದೆಂದು ಹುಡುಕಿದ. ಬಾಗಿಲಿನ ಕಮಾನಿನ ಹತ್ತಿರ ಬಹಳ ಹೊತ್ತು ನಿಂತ. ಆಮೇಲೆ ಫೋನ್ ತೆಗೆದು ಫೋಟೊಗೆ ಸಿದ್ಧನಾದ. ನಾನು ಅಭ್ಯಾಸಬಲದಿಂದ ಅಂಗಿ ಸರಿಮಾಡಿಕೊಂಡು ನಿಂತೆ.

‘ಅಂಕಲ್, ಸ್ವಲ್ಪ ಪಕ್ಕಕ್ಕೆ ಬನ್ನಿ,’ ಎಂದ. ‘ಗೋಡೆ ಕಾಣ್ತಿಲ್ಲ.’